ಸಣ್ಣ ತೋಟಾ
ಬೆಳಕು ಹರಿಯುವ ಮೊದಲೇ ಸಣ್ಣಮ್ಮ ನೀರು ಹಿಡಿದು, ಒಲೆ ಒರೆಸಿ, ರೊಟ್ಟಿಗೆ ಹಿಟ್ಟು ನಾದಿ, ಗಂಡ ಭೈರಪ್ಪನ ಶಿಕಾರಿ ಅಂಗಿಯ ಜೇಬು ಬರಿದು ಮಾಡಿ ನೆನೆಹಾಕುತ್ತಾಳೆ. ಜೇಬಿನಲ್ಲಿ ಬೀಡಿಯ ತುಂಡಿನಷ್ಟೇ ಪುಟ್ಟ ರೈಫಲ್ ತೋಟಾಗಳಿರುತ್ತವೆ. ನೀರು ತಾಕಿದರೆ ಕೆಟ್ಟಾವೆಂದು ಅವನ ಕಟ್ಟಪ್ಪಣೆ. ಮದುವೆಯಾದ ಹೊಸದರಲ್ಲಿ ಅವನು ಫೋನಿನಲ್ಲಿ "ತೋಟಾ ಬಂತಾ?" ಎಂದಾಗ, ವಿನೋಬನಗರದ ಬಾಡಿಗೆ ಮನೆಯವರಿಗೆ ಅಡಿಕೆ ತೋಟ ಎಲ್ಲಿಂದ ಬಂತೆಂದು ಹಿಗ್ಗಿದ್ದವಳು ಅವಳು. ಆ ಗೊಂದಲ ಹೋದರೂ ಶಿಕಾರಿಯ ಮಾತು ಅವಳಿಗೆ ಈಗಲೂ ಪೂರ್ತಿ ತಿಳಿಯುವುದಿಲ್ಲ. ಭದ್ರಾವತಿಯ ಗೆಳೆಯ ಹರಿಪ್ರಸಾದ್, "ಜಿಂಕೆಗೆ ಈ ಸಣ್ಣ ತೋಟಾ ಸಾಲಲ್ಲ ಮಾರಾಯ, ಏಟು ತಿಂದೂ ಓಡಿಹೋಗುತ್ತೆ" ಅಂದರೆ ಭೈರಪ್ಪ, "ಸದ್ದು ಕಮ್ಮಿ, ಸಾಕು ಬಿಡು" ಅನ್ನುತ್ತಾನೆ. "ಓಡಿಹೋಗಿದ್ದು ಆಮೇಲೆ ಏನಾಗುತ್ತೆ?" ಎಂದು ಸಣ್ಣಮ್ಮ ಕೇಳಿದರೆ, "ನೀನು ಮಸಾಲೆ ರುಬ್ಬು ಹೋಗು ಮಾರಾಯ್ತಿ!" ಎಂದು ಗಂಡ ಗದರುತ್ತಾನೆ. ರುಬ್ಬುತ್ತಾಳೆ, ರಕ್ತ ತೊಳೆಯುತ್ತಾಳೆ, ಎಲುಬುಗಳನ್ನು ಪಕ್ಕದ ಮನೆಯವರಿಗೆ ಕಾಣದಂತೆ ಹೂಳುತ್ತಾಳೆ. ನಿನ್ನೆ ಮಾಂಸ ಹೆಚ್ಚುವಾಗ ಜಿಂಕೆಯ ತೊಡೆಯಲ್ಲಿ ಹಳೆಯ ಗುಂಡೊಂದು ಸಿಕ್ಕಿತು. ಸುತ್ತ ಮಾಂಸ ಬೆಳೆದು ಗಂಟಾಗಿತ್ತು. ಅದನ್ನಿಟ್ಟುಕೊಂಡೇ ಎಷ್ಟು ದಿನ ಮೇದಿತ್ತೋ, ಎಷ್ಟು ಮರಿ ಹಾಕಿತ್ತೋ. ಇವತ್ತು ಬಚ್ಚಲಲ್ಲಿ ಅಂಗಿ ಭಾರವಾಗಿತ್ತು, ಒಳಗೆ ಭೈರಪ್ಪ ಗೊರಕೆ ಹೊಡೆಯುತ್ತಿದ್ದ. ಕನಿಕರ ಜಿಂಕೆಯ ಮೇಲೋ ತನ್ನ ಕೈಗಳ ಮೇಲೋ ಸಣ್ಣಮ್ಮನಿಗೆ ತಿಳಿಯಲಿಲ್ಲ. ಜೇಬಿಗೆ ಕೈಹಾಕದೆ ಅಂಗಿಯನ್ನು ಸೋಪಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೂ ಒತ್ತಿ ಹಿಡಿದಳು.