ಸಮಜಾ ನಹೀ ಅಂದೆ

ಯಲ್ಲವ್ವನವರೇ, ನನಗೆ ಕನ್ನಡ ಬರುತ್ತಿತ್ತು. ಅಂದು ನೀವು ಮಗನಿಗೆ ಆಡಿದ ಮಾತು ಪೂರ್ತಿ ಅರ್ಥವಾಗಿತ್ತು. ಆದರೂ ಫೋನ್ ಸಂಪರ್ಕ ಕಡಿದೆ. ಮೂರು ವರ್ಷವಾಯಿತು—

ಮರಾಠಿ ನಾಡಿನ ಆ ಜೈಲಿನ ಭೇಟಿಕೋಣೆಯ ಫೋನುಗಳ ಗುತ್ತಿಗೆ ಒಂದು ಖಾಸಗಿ ಕಂಪನಿಗೆ ಸಿಕ್ಕಿತ್ತು. ನಾನು ಅದರ ಉದ್ಯೋಗಿ. ಗಾಜಿನ ಆಚೆ ಕೈದಿ, ಈಚೆ ಮನೆಯವರು. ಅವರ ಮಾತನ್ನೆಲ್ಲ ಹೆಡ್‌ಫೋನಿನಲ್ಲಿ ಕೇಳುತ್ತ ಕೂರುವುದು ನನ್ನ ಕೆಲಸ. ನಮಗೆ ಬಾರದ ಭಾಷೆ ಕೇಳಿಸಿದರೆ ಕಡಿಯಬೇಕು, ಅಂದಿನ ಭೇಟಿ ಅಲ್ಲಿಗೇ ಮುಗಿಯಿತು— ಕಂಪನಿಯ ನಿಯಮ.

ಸೇರಿದ ದಿನ ಮ್ಯಾನೇಜರ್ ಕೇಳಿದ್ದರು, ಯಾವ ಯಾವ ಭಾಷೆ ಬರುತ್ತದೆಂದು. ನಾನು ಉಡುಪಿ ಕಡೆಯವಳು. ಆದರೆ ಹೆಚ್ಚು ಭಾಷೆ ಬಲ್ಲವರಿಗೆ ಭಾನುವಾರವೂ ಡ್ಯೂಟಿಯಂತೆ. ಮುಲುಂಡಿನ ಮನೆಯಲ್ಲಿ ಮಗಳ ತಲೆಗೆ ಎಣ್ಣೆಯಿಡಲು ಇದ್ದದ್ದು ಅದೊಂದೇ ದಿನ... ಹಿಂದಿ, ಮರಾಠಿ ಅಷ್ಟೇ ಎಂದುಬಿಟ್ಟೆ.

ನಿಮ್ಮ ಶರಣಪ್ಪ ಹೊಡೆದಾಟದ ಕೇಸಿನಲ್ಲಿ ಒಳಗಿದ್ದ. ನೀವು ಯಾದಗಿರಿಯಿಂದ ಬಂದಿರಿ. ಹಿಂದಿಯಲ್ಲೇ ಮಾತಾಡಬೇಕೆಂದು ಬಾಗಿಲಲ್ಲೇ ಹೇಳಿದ್ದರು. ‘ಠೀಕ್, ಠೀಕ್’ ಎಂದಿರಿ. ಮುಂದೆ ಹಿಂದಿ ಬಾರದೆ ಗಾಜಿನ ಮೇಲೆ ಕೈಯಿಟ್ಟು ಕೂತಿರಿ. ಕೊನೆಗೆ ತಡೆಯಲಾಗಲಿಲ್ಲ.

“ಯಾಕೋ ಮಗಾ, ಇಷ್ಟ್ ಸೊರಗೀದಿ? ಹೊಟ್ಟಿ ತುಂಬ ಉಣ್ತೀಯಿಲ್ಲೋ?”

ಅವನು ಉತ್ತರಿಸಲು ಬಾಯಿ ತೆರೆದಿದ್ದ. ಮ್ಯಾನೇಜರ್ ನನ್ನ ಹಿಂದೆಯೇ ನಿಂತಿದ್ದರು. ಈಗ ಕನ್ನಡ ಬರುತ್ತದೆ ಎಂದರೆ ಹಿಂದಿನ ಸುಳ್ಳು ಬಯಲಾಗುತ್ತಿತ್ತು— ಫೋನ್ ಕಡಿಯುವ ಗುಂಡಿ ಒತ್ತಿದೆ.

ನೀವು ನನ್ನತ್ತ ತಿರುಗಿದಿರಿ. ಮುಖದಲ್ಲಿ ಸಿಟ್ಟಿರಲಿಲ್ಲ. “ಏನ್ ತಪ್ಪಾತು ತಂಗಿ? ಉಣ್ತೀಯೇನಂತ ಕೇಳ್ದೆ.”

“ಸಮಜಾ ನಹೀ, ಮಾಜೀ,” ಎಂದೆ, ಅರ್ಥವೇ ಆಗದವಳಂತೆ.

ತಂಗಿ ಎಂದಿದ್ದಿರಿ. ಅದೇ ನಿದ್ದೆಗೆಡಿಸಿದ್ದು. ಎರಡು ತಿಂಗಳ ಮೇಲೆ ಮ್ಯಾನೇಜರಿಗೆ ನಿಜ ಹೇಳಿದೆ. ಅವರು ಬೈಯಲೂ ಇಲ್ಲ. ಭಾನುವಾರದ ಪಟ್ಟಿಗೆ ನನ್ನ ಹೆಸರು ಸೇರಿಸಿದರು. ಅಷ್ಟು ಸುಲಭವಿತ್ತು.

ಆ ಭಾನುವಾರವೇ ನಿಮ್ಮೂರಿನ ಮೇಸ್ತ್ರಿ ಶರಣಪ್ಪನನ್ನು ನೋಡಲು ಬಂದ. ಕನ್ನಡದಲ್ಲೇ ಮಾತಾಡಿ ಎಂದು ಇಬ್ಬರಿಗೂ ಫೋನಿನಲ್ಲಿ ಹೇಳಿದೆ. ನಾನು ಕಡಿಯದೆ ಬಿಟ್ಟ ಮೊದಲ ಕನ್ನಡದ ಮಾತು— “ನಿಮ್ಮವ್ವಗ ಲಕ್ವಾ ಹೊಡದೈತಪ್ಪ. ಮಾತು ನಿಂತೈತಿ.”

ಶರಣಪ್ಪ ಫೋನ್ ಹಿಡಿದೇ ಗಾಜಿನಾಚೆಯಿಂದ ನನ್ನನ್ನು ನೋಡಿದ.

“ಅವ್ವ ಬಂದಾಗೂ ನಿಮಗ ತಿಳೀತಿತ್ತೇನ್ರಿ?”

“ತಿಳೀತಿತ್ತು.”

ಅವನು ಫೋನ್ ಕೆಳಗಿಟ್ಟ. 

ಈಗ ಅವನು ಬಿಡುಗಡೆಯಾಗಿ ನಿಮ್ಮ ಬಳಿ ಇದ್ದಾನಂತೆ. ನಿಮಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಮೇಸ್ತ್ರಿ ಹೇಳಿದ. ಮಗನೊಡನೆ ನೀವು ಆಡಬಹುದಾಗಿದ್ದ ಕೊನೆಯ ಮಾತುಗಳನ್ನು ಕಡಿದವಳು ನಾನು, ಯಲ್ಲವ್ವನವರೇ. ಇದನ್ನು ನಿಮಗೆ ಓದಿ ಹೇಳಬೇಕೆಂದು ಶರಣಪ್ಪನನ್ನೇ ಕೇಳಿಕೊಂಡಿದ್ದೇನೆ.