ಪರಿಮಳಾ ಮೇಡಂ ಅವರ ಒಂದು ಹನಿ ದಂಡು

ಸುರಪುರದ ಅರಸರ ದಂಡು ಚದುರಿ ಎಷ್ಟೋ ಕಾಲವಾಯಿತು. ಹಾಗೆಂದು ಊರಿನಲ್ಲಿ ದಂಡನಾಯಕರೇ ಇಲ್ಲವೆಂದು ತಿಳಿಯಬೇಡಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಪರಿಮಳಾ ಇದ್ದಾರೆ. ಅವರ ದಂಡು ಎರಡು ಗಾಜುಗಳ ನಡುವಿನ ಒಂದು ಹನಿ ನೀರಿನಲ್ಲಿ ಬಿಡಾರ ಹೂಡಿದೆ: ಜೋಳದ ಹಿಟ್ಟಿನ ಧೂಳಿಗಿಂತ ಸಣ್ಣ ಪ್ಲಾಸ್ಟಿಕ್ ಗುಂಡುಗಳು.

ಆಯುಧವೆಂದರೆ ಒಂದು ಹಳೆಯ ಪ್ರೊಜೆಕ್ಟರ್. ಕೆಳಗಿನ ಗಾಜಿನ ಲೇಪನ ಬೆಳಕು ಬಿದ್ದಲ್ಲಿ ಮಾತ್ರ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಅಲ್ಲಿ ಹುಟ್ಟುವ ಬಲಕ್ಕೆ ಗುಂಡುಗಳು ಬೆಳಕಿನಿಂದ ದೂರ ಸರಿಯುತ್ತವೆ. ಸುತ್ತ ಬೆಳಕಿನ ಬಳೆ ಹಾಕಿದರೆ ಅವು ಒಳಗೇ ಬಂದಿ. ಬಳೆ ಸರಿದರೆ ಅವೂ ಸರಿಯಬೇಕು. ದೇವಾಪುರದಲ್ಲಿ ಅಪ್ಪನ ಕುರಿಗಳ ಸುತ್ತ ಬಲೆ ಕಟ್ಟಿ ಬೆಳೆದ ಪರಿಮಳಾ ಅವರಿಗೆ ಇದೇನು ಹೊಸ ವಿದ್ಯೆಯಲ್ಲ. ಇವು ಒದೆಯುವುದಿಲ್ಲ, ಅಷ್ಟೇ.

ಪ್ರಾಚಾರ್ಯ ಭೀಮರಾಯರಿಗೆ ಮಾತ್ರ ಆ ಪ್ರಯೋಗದ ಕೋಣೆಯ ಮೇಲೆ ಕಣ್ಣು. “ಶುಕ್ರವಾರ ಆ ಗುಂಡು ನಡಸಿ ತೋರಸ್ರಿ. ಇಲ್ಲಂದ್ರ ನನ್ನ ಕೋಣಿ ಹಿಂದಿನ ಮುರದ ಬೆಂಚೆಲ್ಲಾ ಇಲ್ಲೇ ಒಟ್ಟಸ್ತೀನಿ” ಎಂದು ಯುದ್ಧ ಸಾರಿದರು.

ಶುಕ್ರವಾರ ಬಂತು. ಸೂಕ್ಷ್ಮದರ್ಶಕ ಕಂಡದ್ದನ್ನು ತೋರಿಸುವ ಪರದೆಯ ಮುಂದೆ ಭೀಮರಾಯರು ಕುರ್ಚಿ ಎಳೆದು ಕೂತರು. ಪರಿಮಳಾ ಬೆಳಕಿನ ಬಳೆ ಹಾಕಿದರು. ಗುಂಡುಗಳು ಕ್ಯಾರೇ ಎನ್ನಲಿಲ್ಲ.

“ಏನ್ರಿ ಮೇಡಂ, ನಿಮ್ಮ ದಂಡು ಉಂಡು ಮಲಗೇದೇನ್ರಿ?”

ಆಗ ಪರಿಮಳಾ ಅವರ ಕಣ್ಣು ಪ್ರೊಜೆಕ್ಟರಿನ ಹಣೆಗೆ ಬಿತ್ತು. ಮೂರೆಳೆ ವಿಭೂತಿ! ಪಕ್ಕದಲ್ಲಿ ಒಡೆದ ಕಾಯಿ.

“ಸಾಬಣ್ಣಾ, ಏನ್ ಮಾಡೀರಿ ಇಲ್ಲಿ?”

ಕಾಲೇಜಿನ ಹಿರಿಯ ಜವಾನ ಸಾಬಣ್ಣ ಎದೆಯುಬ್ಬಿಸಿದ. “ಪೂಜಾ ಮಾಡೀನ್ರಿ ಮೇಡಮ್ಮೋರ. ಪೂಜಾ ಮಾಡಲಾರದ ಮಷೀನ್ ಚಾಲೂ ಮಾಡ್ತಾರೇನ್ರಿ? ನಿಮ್ಮ ಗುಂಡಿನ ಶೀಸಾಕ್ಕೂ ತುಸು ಕಾಯಿ ನೀರ ಬಿಟ್ಟೀನಿ. ಅವಕ್ಕೂ ತೀರ್ಥ ಬ್ಯಾಡೇನ್ರಿ?”

ಕಾಯಿ ನೀರಿನಲ್ಲಿ ಲವಣ ಹೆಚ್ಚು. ವಿದ್ಯುತ್ತು ಅದರಲ್ಲಿ ಸರಾಗವಾಗಿ ಹರಿದುಹೋಗಿ ಬೆಳಕಿನ ಹಿಡಿತ ಸಡಿಲವಾಗಿತ್ತು.

“ಸರ, ಒಂದು ಚಾ ಕುಡಿಯೋತನ ತಡೀರಿ” ಎಂದ ಪರಿಮಳಾ ಕಪಾಟಿನಿಂದ ಗುಂಡುಗಳ ಹೊಸ ಶೀಸೆ ತೆಗೆದರು. ಇನ್ವರ್ಟರಿಗೆಂದು ಇಟ್ಟಿದ್ದ, ಲವಣವಿಲ್ಲದ ಬ್ಯಾಟರಿ ನೀರನ್ನು ಸಾಬಣ್ಣ ಓಡಿ ತಂದ. ಗಾಜು ತೊಳೆದು, ಗುಂಡುಗಳನ್ನು ಆ ನೀರಿನಲ್ಲಿ ಕಲಸಿ, ಹೊಸ ಹನಿ ಇಟ್ಟದ್ದಾಯಿತು.

ಬಳೆಗಳು ಬಿದ್ದವು. ಗುಂಡುಗಳು ತಡವರಿಸಿ, ಸರಿದು, ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಭೀಮರಾಯರ ಚಹಾ ಬಟ್ಟಲಲ್ಲೇ ಆರಿತು.

“ಎಲಾ! ನಮ್ಮ ಹುಡುಗೂರು ಪ್ರಾರ್ಥನಾಕ್ಕೂ ಹಿಂಗ ನಿಂದ್ರಂಗಿಲ್ಲಲ್ರಿ!”

“ಪೂಜಾ ಫಲಾ ಕೊಡ್ತು ನೋಡ್ರಿ” ಎಂದ ಸಾಬಣ್ಣ.

ಬೆಂಚುಗಳು ಪ್ರಾಚಾರ್ಯರ ಕೋಣೆಯ ಹಿಂದೆಯೇ ಉಳಿದವು. ಈಗಲೂ ಪ್ರತಿ ಪ್ರಯೋಗಕ್ಕೆ ಮೊದಲು ಸಾಬಣ್ಣ ಕಾಯಿ ಒಡೆಯುತ್ತಾನೆ, ಹೊಸ್ತಿಲ ಹೊರಗೆ. ತೀರ್ಥವನ್ನು ದಂಡನಾಯಕಿಯೇ ಒಂದು ಹನಿಯೂ ಚೆಲ್ಲದಂತೆ ಕುಡಿದು ಒಳಗೆ ಹೋಗುತ್ತಾರೆ.