ಗುತ್ತೂರಿಗೆ ತಲುಪದ ರಿಪೋರ್ಟು

ಗಿರಿಜಕ್ಕ, ಅಂದು ಫೋನಿನಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ನಿಮ್ಮ ಯಜಮಾನರು ನಾಗರಾಜಣ್ಣನ ರಕ್ತದ ರಿಪೋರ್ಟು ನನ್ನ ಕಣ್ಣೆದುರಿಗೇ ಇತ್ತು. ಅದನ್ನು ನೋಡುತ್ತಲೇ ‘ಏನಿಲ್ಲ’ ಎಂದೆ.

ಕೊರೊನಾದ ಎರಡನೇ ಅಲೆ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಪುಟ್ಟ ಲ್ಯಾಬಿನಲ್ಲಿ ನಾನೊಬ್ಬನೇ ಟೆಕ್ನೀಷಿಯನ್. ಮೈಯೊಳಗೆ ಉರಿಯೂತ ಎಷ್ಟಿದೆ ಎಂದು ತೋರಿಸುವ ಪರೀಕ್ಷೆ ಸಿಆರ್‌ಪಿ. ಆಗ ಊರಿಗೆ ಊರೇ ಅದರ ಹೆಸರು ಜಪಿಸುತ್ತಿತ್ತು. ನಿಮ್ಮ ಡಾಕ್ಟರು ಗುತ್ತೂರಿನಿಂದ ಕಳಿಸಿಕೊಟ್ಟ ರಕ್ತದಲ್ಲಿ ಅಣ್ಣನಿಗೆ ಮೊದಲ ಸಲ ಹದಿನೆಂಟು ಬಂದಿತ್ತು. ಎರಡೇ ದಿನಕ್ಕೆ ನೂರಾ ನಲವತ್ತು. ಹಾಗೆ ಏರಿದರೆ ರೋಗ ಜೋರಾಗುತ್ತಿದೆ ಎಂದು ಅನುಮಾನಿಸಬೇಕು — ಅಷ್ಟು ನನಗೂ ಗೊತ್ತಿತ್ತು.

ನಮ್ಮಲ್ಲೊಂದು ರೂಢಿ. ಕೆಟ್ಟ ಅಂಕಿಯನ್ನು ಹೆಂಗಸರಿಗೆ ಹೇಳಬಾರದು, ಮನೆಯ ಗಂಡಸರಿಗೆ ಹೇಳಬೇಕು. ಯಾರು ಮಾಡಿದ್ದೋ, ಯಾಕೆ ಮಾಡಿದ್ದೋ. ನೀವು ಗುತ್ತೂರಿನಿಂದ ಫೋನ್ ಮಾಡಿದಾಗ ನಾನೂ ಹಾಗೇ ಕೇಳಿದೆ.

“ಗಂಡಸ್ರು ಯಾರಾದ್ರೂ ಇದ್ರೆ ಫೋನ್ ಕೊಡ್ರಿ ಅಕ್ಕ.”

“ಗಂಡಸ್ರು ಅಂದ್ರೆ ಅವ್ರೊಬ್ರೇ ಕಣಪ್ಪ, ಮಲ್ಗ್ಯಾರೆ. ನಂಗೇ ಹೇಳು. ಜಾಸ್ತಿ ಬಂದೈತೆ ಅಂದ್ರೆ ಇವತ್ತೇ ದಾವಣಗೆರೆ ಆಸ್ಪತ್ರೆಗೆ ಸೇರ್ಸು ಅಂದಾರೆ ಡಾಕ್ಟ್ರು. ಹೊರಡ್ಲಾ?”

“ಏನಿಲ್ಲ ಅಕ್ಕ, ಸ್ವಲ್ಪ ಐತೆ. ಗಾಬರಿ ಬ್ಯಾಡ್ರಿ, ನಾಳೆ ನೋಡನ.”

ಯಾಕೆ ಹಾಗೆಂದೆ? ಕರುಣೆಯೇ? ಬೆಳಿಗ್ಗೆಯಷ್ಟೇ ಒಬ್ಬಾಕೆ ಅಂಕಿ ಕೇಳಿ ಬಾಗಿಲಲ್ಲೇ ಕುಸಿದಿದ್ದಳು — ಆ ಹೆದರಿಕೆಯೇ? ಅಥವಾ ಕಾದಿದ್ದ ರಕ್ತದ ಟ್ಯೂಬುಗಳ ಮುಂದೆ ಇನ್ನೊಬ್ಬರ ಅಳು ಕೇಳಲು ನನಗೆ ಪುರುಸೊತ್ತಿರಲಿಲ್ಲವೇ? ಸಂಜೆ ಡಾಕ್ಟರಿಗೇ ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ. ಮರೆತೆ ಎನ್ನೋಣವೆಂದರೆ, ಮರೆತಿರಲೂ ಇಲ್ಲ...

ಮರುದಿನ ಸಂಜೆ ಅಣ್ಣನಿಗೆ ಏದುಸಿರು ಶುರುವಾಯಿತು. ಹರಿಹರದಿಂದ ಆಂಬುಲೆನ್ಸ್ ತರಿಸಿ ದಾವಣಗೆರೆಗೆ ಕರೆತಂದಿರಿ. ಮೂರನೇ ದಿನ ಹೋಗಿಬಿಟ್ಟರು.

ಒಂದು ದಿನ ಮೊದಲು ಬಂದಿದ್ದರೆ ಉಳಿಯುತ್ತಿದ್ದರೇ? ಅದಕ್ಕಿಂತ ಹೆಚ್ಚು ಅಂಕಿಯವರು ನಡೆದುಕೊಂಡು ಮನೆಗೆ ಹೋದದ್ದನ್ನು ನೋಡಿದ್ದೇನೆ. ಕಡಿಮೆ ಇದ್ದವರು ತೀರಿಕೊಂಡದ್ದನ್ನೂ. ಅಂಕಿಯೊಂದೇ ಎಲ್ಲ ಹೇಳುವುದಿಲ್ಲ ಎನ್ನುತ್ತಾರೆ ಡಾಕ್ಟರು. ಹಾಗಾದರೆ ನನ್ನ ಪಾಲು ಎಷ್ಟು — ಪೂರ್ತಿಯೇ, ಅರ್ಧವೇ, ಏನೂ ಇಲ್ಲವೇ? ಇಷ್ಟು ವರ್ಷ ಯೋಚಿಸಿಯೂ ಗೊತ್ತಾಗಿಲ್ಲ.

ನೀವೋ, ಶುಗರ್ ಪರೀಕ್ಷೆಗೆ ಬಂದಾಗಲೆಲ್ಲ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತರುತ್ತೀರಿ. “ಆವತ್ತು ಧೈರ್ಯ ಹೇಳ್ದೋನು ನೀನೊಬ್ನೇ ತಮ್ಮ” ಎನ್ನುತ್ತೀರಿ. ನಾನು ತಲೆ ತಗ್ಗಿಸಿ ಈಸಿಕೊಳ್ಳುತ್ತೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಕಳೆದ ತಿಂಗಳು ಮಾತ್ರ ನೀವು ಬೇರೆಯದೇ ಹೇಳಿದಿರಿ.

“ನಮ್ಮತ್ತೆ ಇವತ್ತಿಗೂ ಅಂತಾರೆ, ಒಂದಿನ ತಡ ಮಾಡಿ ನನ್ ಮಗನ್ನ ನೀನೇ ಕಳ್ದೆ ಅಂತ. ಲ್ಯಾಬಿನೋರೇ ಏನಿಲ್ಲ ಅಂದ್ರು ಅಂದ್ರೆ ನಂಬಲ್ಲ. ನೀನಾದ್ರೂ ಹೇಳು ತಮ್ಮ, ರಿಪೋರ್ಟ್‌ನಾಗೆ ಏನೂ ಇರ್ಲಿಲ್ಲ ಅಲ್ವಾ?”

ನಾನು ಸೂಜಿ ಹುಡುಕುವ ನೆಪ ಮಾಡಿದೆ.

ಅಂದರೆ ನನ್ನ ತಪ್ಪಿಗೆ ದಿನಾ ಮಾತು ಕೇಳುತ್ತಿದ್ದವರು ನೀವು. ಅದು ತಿಳಿದ ಮೇಲೂ ಒಂದು ತಿಂಗಳು ಸುಮ್ಮನಿದ್ದೆನಲ್ಲ, ಅದಕ್ಕೆ ಏನು ಹೇಳಲಿ? ನಾಚಿಕೆಯಾಗುತ್ತದೆ, ಅಕ್ಕ.

ಈ ಭಾನುವಾರ ಗುತ್ತೂರಿಗೆ ಬರುತ್ತೇನೆ. ಲಾಕ್‌ಡೌನಿನಲ್ಲಿ ಬಸ್ಸಿಲ್ಲದೆ ನೀವು ಒಯ್ಯಲಾಗದ ಆ ರಿಪೋರ್ಟು ನನ್ನ ಡ್ರಾಯರಿನಲ್ಲೇ ಇದೆ. ನಿಮ್ಮ ಅತ್ತೆಯವರ ಎದುರು ಕೂತು ಓದುತ್ತೇನೆ. ಅವರು ಬೈಯಲಿ, ನೀವೂ ಬೈಯಿರಿ. ನಿಮ್ಮ ಡಬ್ಬಿಗಳೂ ನನ್ನಲ್ಲೇ ಉಳಿದಿವೆ. ಕೊಟ್ಟವರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುತ್ತಾರೆ. ಹಾಕಿಕೊಡಲು ನನ್ನ ಹತ್ತಿರ ಇರುವುದು ಆ ಕಾಗದವೊಂದೇ.